ನಾವು ರೂಮಿಗೆ ಹೋಗೋರು

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಮಾತಾಡಿದ್ದು ಇದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳಿಕೊಂಡು ಬರೆದಿದ್ದೇನೆ. ಕೆಮ್ಮು, ಮೈಕಿನ ಗೊರಗೊರ, ಎರಡೆರಡು ಸಲ ಹೇಳಿದ್ದು ತೆಗೆದಿದ್ದೇನೆ. ಉಳಿದಿದ್ದು ಹೆಚ್ಚುಕಡಿಮೆ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಬೋರ್ಡಿನ ಮೇಲೆ 'ಹಳ್ಳಿಯಿಂದ ನಗರಕ್ಕೆ: ವಲಸಿಗರ ಮನೆಯ ಪರಿಕಲ್ಪನೆ' ಅಂತ ಬರೆದಿದ್ದಾರೆ. ಅಷ್ಟು ದೊಡ್ಡ ಮಾತು ನನಗೆ ಬರಲ್ಲ. ನಾನು ಹದಿನಾಲ್ಕು ವರ್ಷ ಕಟ್ಟಡದ ಸೈಟುಗಳಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಸಿಮೆಂಟು, ಕಬ್ಬಿಣ, ಸೆಂಟ್ರಿಂಗ್ ಶೀಟು, ಇವುಗಳ ಲೆಕ್ಕ ಇಡೋದು ನನ್ನ ಕೆಲಸ. ಜನರ ಲೆಕ್ಕ ಇಡು ಅಂತ ಯಾರೂ ಹೇಳಿರಲಿಲ್ಲ. ಆದರೆ ಸ್ಟೋರಿನ ಕಿಟಕಿ ಹತ್ತಿರ ಕೂತಿದ್ದರೆ ಎಲ್ಲರ ಮಾತೂ ಕಿವಿಗೆ ಬೀಳುತ್ತೆ. ಇವತ್ತು ಹೇಳೋದು ಹಾಗೆ ಕಿವಿಗೆ ಬಿದ್ದಿದ್ದನ್ನೇ.

ಒಂದು ಪದದಿಂದ ಶುರು ಮಾಡ್ತೀನಿ. ರೂಮು.

ಸಂಜೆ ಆರಕ್ಕೆ ಕೆಲಸ ಬಿಡ್ತಿತ್ತು. ಸಲಿಕೆ, ಬಾಣಲಿ, ಹೆಲ್ಮೆಟ್ ಎಲ್ಲ ನನ್ನ ಕಿಟಕಿಗೆ ತಂದು ಕೊಡೋರು. 'ಎಲ್ಲಿಗೆ?' ಅಂತ ಸುಮ್ನೆ ಕೇಳಿದರೆ, 'ರೂಮಿಗೆ ಹೊಂಟೀವ್ರಿ' ಅನ್ನೋರು. ಆ ರೂಮು ಅಂದ್ರೆ ಏನು ಗೊತ್ತಾ? ತಗಡಿನ ಶೆಡ್ಡು. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೆಲವು ಸಲ ಗಂಡನ ತಮ್ಮನೂ. ಒಲೆ ಇದೆ, ಹಂಚು ಇದೆ, ರೊಟ್ಟಿ ಬಡಿಯೋ ಕೊಣಮಿಗಿ ಇದೆ, ಗೋಡೆಗೆ ದೇವರ ಫೋಟೋ ಇದೆ, ತೊಟ್ಟಿಲು ಕೂಡ ಇದೆ. ಮನೆಗೆ ಏನೇನು ಬೇಕೋ ಅಷ್ಟೂ ಇದೆ. ಆದರೂ ಅದು ರೂಮು. ಅದೇ ಮನುಷ್ಯ ರಾತ್ರಿ ಫೋನಿನಲ್ಲಿ ಅವ್ವನ ಹತ್ತಿರ ಮಾತಾಡುವಾಗ 'ಮನ್ಯಾಗ ಎಲ್ಲಾರು ಹ್ಯಾಂಗದಾರ?' ಅಂತ ಕೇಳ್ತಾನೆ. ಹೆಂಡತಿ ಮಕ್ಕಳು ಪಕ್ಕದಲ್ಲೇ ಕೂತಿರ್ತಾರೆ. ಆದರೆ ಮನೆ ಅನ್ನೋದು ಐನೂರು ಕಿಲೋಮೀಟರ್ ಆಚೆ.

ಓದಿಕೊಂಡ ಹುಡುಗರೂ ಬೆಂಗಳೂರಿಗೆ ಬಂದ ಹೊಸದರಲ್ಲಿ ರೂಮು ಅಂತಾರೆ. ಮದುವೆ ಆಗ್ತಿದ್ದ ಹಾಗೆ ಆ ಪದ ಬಿಟ್ಟುಬಿಡ್ತಾರೆ, ಮನೆ ಅನ್ನೋಕೆ ಶುರು ಮಾಡ್ತಾರೆ. ನಮ್ಮ ಜನ ಬಿಡಲ್ಲ. ರೂಮಿನಲ್ಲೇ ಮಗ ಹುಟ್ಟಿ, ಆ ಮಗನಿಗೆ ಮಗು ಹುಟ್ಟಿದ್ರೂ ಅದು ರೂಮೇ. ಇದನ್ನ ನಾನು ಮೊದಮೊದಲು ಬರೀ ರೂಢಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಇದು ಒಂಥರಾ ಹಠ. ಮನೆ ಅಂತ ಒಂದು ಸಲ ಅಂದುಬಿಟ್ಟರೆ ಊರಲ್ಲಿರೋದು ಏನಾಗುತ್ತೆ ಅನ್ನೋ ಭಯ.

ನನ್ನ ಊರಿನ ವಿಷಯ ಹೇಳ್ತೀನಿ, ಸ್ವಲ್ಪ ತಮಾಷೆ ಇದೆ. ನಾನು 2003ರಲ್ಲಿ ಪಿಯುಸಿ ಮುಗಿಸಿ ಬೆಂಗಳೂರು ಬಸ್ ಹತ್ತಿದಾಗ ನನ್ನ ವಿಳಾಸ ಹೀಗಿತ್ತು: ಸುರಪುರ ತಾಲ್ಲೂಕು, ಗುಲ್ಬರ್ಗ ಜಿಲ್ಲೆ, ಹೈದರಾಬಾದ್ ಕರ್ನಾಟಕ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆ ಆಯ್ತು, ನಾವು ಅದರೊಳಗೆ ಹೋದೆವು. 2014ರ ರಾಜ್ಯೋತ್ಸವಕ್ಕೆ, ನಾವು ಆಗಲೇ ಬಿಟ್ಟು ಬಂದಿದ್ದ ಗುಲ್ಬರ್ಗ ಕಲಬುರಗಿ ಆಯ್ತು. ಆಮೇಲೆ ಹುಣಸಗಿ ಹೊಸ ತಾಲ್ಲೂಕು ಆಯ್ತು, ನಮ್ಮ ಊರು ಆ ಕಡೆ ಸೇರಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅಂದ್ರೆ ನಾನು ಬಿಟ್ಟು ಬಂದ ವಿಳಾಸದಲ್ಲಿ ಈಗ ಊರಿನ ಹೆಸರು ಬಿಟ್ಟು ಒಂದು ಸಾಲೂ ಉಳಿದಿಲ್ಲ. ನಾನು ಒಂದು ಸಲ ಜಾಗ ಬದಲಿಸಿದೆ. ಅಲ್ಲೇ ಕೂತ ನಮ್ಮ ಅವ್ವ ಮೂರು ಸಲ ಬದಲಿಸಿದಳು, ಕಟ್ಟೆಯಿಂದ ಏಳದೆ.

ಊರು ಯಾಕೆ ಬಿಟ್ಟಿರಿ ಅಂತ ಕೇಳಿದರೆ ಎಲ್ಲರೂ ಬರ ಅಂತಾರೆ. ಬರ ನಿಜ. ಆದರೆ ನಮ್ಮ ಕಡೆ ಇನ್ನೊಂದು ಕತೆ ಇದೆ. ನಾರಾಯಣಪುರದ ಬಸವಸಾಗರ ಡ್ಯಾಮು ನಮ್ಮೂರಿಂದ ದೂರ ಇಲ್ಲ. 1982ರಲ್ಲಿ ಅದು ಮುಗೀತು. ಎಡದಂಡೆ ಕಾಲುವೆ ನಮ್ಮ ಹೊಲದ ಕೆಳಗೇ ಹೋಗುತ್ತೆ. ಕೆಳಗೆ ಅನ್ನೋದೇ ಸಮಸ್ಯೆ. ಕಾಲುವೆ ನೀರು ಇಳಿಜಾರಿಗೆ ಹರಿಯೋದೇ ಹೊರತು ಮೇಲಕ್ಕೆ ಹತ್ತಲ್ಲ. ಕೆಳಗಿನ ಹೊಲದವರು ಎರಡು ಬೆಳೆ ಭತ್ತ ಬೆಳೆದರು. ಮೇಲಿನ ಹೊಲದವರಿಗೆ ತೊಗರಿ, ಜೋಳ, ಮಳೆ ಬಂದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಒಂದೇ ಊರಿನಲ್ಲಿ ಯಾರು ಗುಳೆ ಹೋಗ್ತಾರೆ ಅಂತ ಕಾಲುವೆ ಗೆರೆ ನೋಡಿ ಹೇಳಬಹುದಿತ್ತು. ಮೊದಲು ಗುಳೆ ಅಂದ್ರೆ ಕಾಲಕ್ಕೆ ಕಟ್ಟಿದ್ದು. ಸುಗ್ಗಿ ಮುಗಿಸಿ ಹೋಗೋದು, ಮುಂಗಾರು ಬಿತ್ತೋ ಹೊತ್ತಿಗೆ ವಾಪಸ್. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದು, ಎಲ್ಲಿ ಮೇಸ್ತ್ರಿ ಕರೀತಾನೋ ಅಲ್ಲಿಗೆ. ಆಮೇಲೆ ವಾಪಸ್ ಬರೋದು ಒಂದು ವರ್ಷ ತಪ್ಪುತ್ತೆ. ಮಗುವಿಗೆ ಜ್ವರ, ಇಲ್ಲ ಮೇಸ್ತ್ರಿ ಹತ್ತಿರ ತಗೊಂಡ ಮುಂಗಡ ತೀರಿಲ್ಲ. ಮರುವರ್ಷ ಮತ್ತೆ ತಪ್ಪುತ್ತೆ. ಯಾರೂ ಕೂತು 'ಇನ್ಮೇಲೆ ನಾವು ಬೆಂಗಳೂರಿನವರು' ಅಂತ ತೀರ್ಮಾನ ಮಾಡಿದ್ದನ್ನ ನಾನು ನೋಡಿಲ್ಲ. ವಾಪಸ್ ಹೋಗೋದು ಮುಂದಕ್ಕೆ ಹೋಗ್ತಾ ಹೋಗ್ತಾ ಇಪ್ಪತ್ತು ವರ್ಷ ಆಗಿರುತ್ತೆ, ಅಷ್ಟೇ.

ಇನ್ನೊಂದು ಮಾತು. ನಾವು ಮಾತ್ರ ವಲಸೆ ಹೋದೋರಲ್ಲ, ನಮ್ಮ ಕಡೆಗೂ ಜನ ಬಂದಿದ್ದಾರೆ. ಸಿಂಧನೂರು ಕಡೆ ಹೋಗಿ ನೋಡಿ. ತುಂಗಭದ್ರಾ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಜಮೀನು ತಗೊಂಡು ಊರೂರೇ ಕಟ್ಟಿದರು. ಅವಕ್ಕೆಲ್ಲ ಹೆಸರು ಕ್ಯಾಂಪು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಅಲ್ಲೇ ಇವೆ, ಆರ್‌ಎಚ್ ಕ್ಯಾಂಪು ಅಂತ ನಂಬರ್ ಹಾಕಿ ಕರೀತಾರೆ. ಮೊಮ್ಮಕ್ಕಳು ಅಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾದರು. ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ ಕ್ಯಾಂಪು, ಊರು ಅಲ್ಲ. ಇದನ್ನ ಯಾಕೆ ಹೇಳಿದೆ ಅಂದ್ರೆ, ಊರು ಅನ್ನೋ ಪದವನ್ನ ನಾವೂ ಅಷ್ಟು ಸುಲಭಕ್ಕೆ ಬೇರೆಯವರಿಗೆ ಕೊಡೋರಲ್ಲ. ಬೆಂಗಳೂರು ನಮಗೆ ಕೊಡಲಿಲ್ಲ ಅಂತ ದೂರುವಾಗ ಇದೂ ನೆನಪಿರಲಿ.

ಮತ್ತೆ ಶೆಡ್ಡಿಗೆ ಬರೋಣ. ಹೊಸ ಸೈಟಿಗೆ ಹೋದಾಗ ಯಾವ ಶೆಡ್ಡು ನಮ್ಮ ಕಡೆಯವರದು ಅಂತ ಕಂಡುಹಿಡಿಯೋಕೆ ನಾನು ಯಾರನ್ನೂ ಕೇಳ್ತಿರಲಿಲ್ಲ. ಪುಂಡಿ ಗಿಡ ನೋಡ್ತಿದ್ದೆ. ಪುಂಡಿ ಪಲ್ಯ ಇಲ್ಲದೆ ನಮ್ಮ ಕಡೆಯವರಿಗೆ ರೊಟ್ಟಿ ಇಳಿಯಲ್ಲ. ಬೆಂಗಳೂರಿನ ಸಂತೆಯಲ್ಲಿ ಆಗ ಅದು ಸುಲಭಕ್ಕೆ ಸಿಗ್ತಿರಲಿಲ್ಲ, ಸಿಕ್ಕಿದರೂ ದುಡ್ಡು ಯಾಕೆ ಕೊಡಬೇಕು ಅನ್ನೋರು. ಹೆಂಗಸರು ಊರಿಂದ ಸೀರೆ ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬರೋರು. ಜಲ್ಲಿ ಗುಡ್ಡೆ ಪಕ್ಕ, ಕ್ಯೂರಿಂಗ್ ನೀರು ಹರಿದು ಬರೋ ಕಡೆ ಎರಡು ಗೇಣು ಜಾಗ ಕೆದರಿ ಚೆಲ್ಲೋರು. ಕಟ್ಟಡ ಆರನೇ ಮಹಡಿಗೆ ಬರುವಷ್ಟರಲ್ಲಿ ಪುಂಡಿ ಸೊಂಟದ ಮಟ್ಟ. ಒಂದು ಸಲ ಇಂಜಿನಿಯರ್ ಒಬ್ಬರು ಅದನ್ನ ಕಳೆ ಅಂತ ಕೀಳಿಸಿಬಿಟ್ಟರು. ಎರಡು ದಿನ ಆ ಸಾಲಿನ ಹೆಂಗಸರು ಅವರ ಮುಖ ನೋಡಲಿಲ್ಲ. ಕೂಲಿ ತಡ ಆದಾಗಲೂ ಅಷ್ಟು ಸಿಟ್ಟಾಗಿದ್ದು ನಾನು ಕಂಡಿರಲಿಲ್ಲ.

ನನಗೆ ಅನ್ನಿಸೋದು ಇಷ್ಟು. ಊರು ಬಿಟ್ಟವರು ಮನೆಯನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿ ಇಡಲ್ಲ. ಅದನ್ನ ತುಂಡು ಮಾಡ್ತಾರೆ. ಮಲಗೋದು ಒಂದು ಕಡೆ, ಓಟು ಇನ್ನೊಂದು ಕಡೆ, ಸಾಲ ಒಂದು ಕಡೆ, ದೇವರು ಒಂದು ಕಡೆ, ಮಕ್ಕಳ ಶಾಲೆ ಮತ್ತೊಂದು ಕಡೆ. ಯಾವ ತುಂಡು ಎಲ್ಲಿ ಇರಬೇಕು ಅಂತ ಪ್ರತಿ ಸಂಸಾರವೂ ತನ್ನದೇ ಲೆಕ್ಕ ಹಾಕಿರುತ್ತೆ.

ಕಾಗದಪತ್ರಗಳನ್ನೇ ನೋಡಿ. ರೇಷನ್ ಕಾರ್ಡು ಊರಲ್ಲಿ. ಈಗ ಬೇರೆ ಊರಿನ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು ಅಂತ ಆಗಿದೆ, ಸರಿ. ಆದರೂ ಕಾರ್ಡನ್ನ ಇಲ್ಲಿಗೆ ಬದಲಾಯಿಸಿಕೊಳ್ಳಿ ಅಂದ್ರೆ ಬೇಡ ಅಂತಾರೆ. ಊರಲ್ಲಿ ಅವ್ವ ಇದಾಳೆ, ಅಕ್ಕಿ ಅವಳು ತಗೊಳ್ತಾಳೆ. ಆಗಾಗ ಕಾರ್ಡಿನಲ್ಲಿ ಇರೋರೆಲ್ಲ ಬಂದು ಹೆಬ್ಬೆಟ್ಟು ಕೊಡಬೇಕು ಅಂತಾರಲ್ಲ, ಆಗ ಬೆಂಗಳೂರಿಂದ ಸಂಸಾರ ಸಮೇತ ಹೋಗಿ ಒತ್ತಿ ಬರೋರಿದ್ದಾರೆ. ಕೂಲಿ ಎರಡು ದಿನದ್ದು ಹೋಯ್ತು. ಲೆಕ್ಕ ಹಾಕಿದರೆ ಲುಕ್ಸಾನು. ಆದರೆ ಕಾರ್ಡಿನಿಂದ ಹೆಸರು ಹೋಗೋದು ಅಂದ್ರೆ ಅವರಿಗೆ ತಿಂಗಳ ಅಕ್ಕಿ ಹೋಗೋದು ಮಾತ್ರ ಅಲ್ಲ. ಊರಿನ ಪಟ್ಟಿಯಿಂದಲೇ ಹೋದ ಹಾಗೆ.

ಓಟಿನ ಕತೆ ಇನ್ನೂ ಚೆನ್ನಾಗಿದೆ. ಲೋಕಸಭೆ ಚುನಾವಣೆಗೆ ಹೋಗ್ತೀರಾ ಅಂದ್ರೆ 'ನೋಡೂಣ್ರಿ' ಅಂತಾರೆ. ಗ್ರಾಮ ಪಂಚಾಯ್ತಿ ಅಂದ್ರೆ ಸೈಟು ಖಾಲಿ. 2020ರ ಡಿಸೆಂಬರ್ 22 ಮತ್ತು 27ಕ್ಕೆ ಪಂಚಾಯ್ತಿ ಚುನಾವಣೆ ಆಯ್ತಲ್ಲ, ಆ ವಾರ ನನ್ನ ಹಾರ್ಡ್‌ವೇರ್ ಅಂಗಡಿಗೆ ಗಿರಾಕಿನೇ ಇಲ್ಲ. ಅಷ್ಟೊತ್ತಿಗೆ ನಾನು ಸ್ಟೋರ್ ಕೆಲಸ ಬಿಟ್ಟು ಅಂಗಡಿ ಹಾಕಿದ್ದೆ. ಚುನಾವಣೆಗೆ ನಿಂತವರೇ ಕ್ರೂಸರ್ ಗಾಡಿ ಮಾಡಿ ಕಳಿಸಿದ್ದರು. ಹತ್ತು ಜನ ಕೂರೋ ಗಾಡಿಯಲ್ಲಿ ಹದಿನೆಂಟು ಜನ. ಪಂಚಾಯ್ತಿಗೆ ಅಷ್ಟು ಆಸೆ ಯಾಕೆ ಅಂತ ನಮ್ಮ ದೂರದ ಮಾವನೊಬ್ಬನನ್ನ ಕೇಳಿದೆ. 'ಒಂದು ಓಟಿನ್ಯಾಗ ಸೋಲು ಗೆಲುವು ಆಗ್ತದಪ. ಅಲ್ಲಿ ನನ್ನ ಓಟು ಕಾಣ್ತದ' ಅಂದ. ಅವನು ಇಪ್ಪತ್ತೆರಡು ವರ್ಷದಿಂದ ಇರೋ ಬೆಂಗಳೂರಿನ ಆ ವಾರ್ಡಿನಲ್ಲಿ ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನೀರು ಬರಲ್ಲ, ಚರಂಡಿ ಇಲ್ಲ ಅಂತ ಹೇಳೋಕೆ ಹೋದರೆ ಯಾರೂ ತಲೆ ಎತ್ತಿ ನೋಡಲ್ಲ, ಯಾಕೆ ನೋಡಬೇಕು, ಓಟಿಲ್ಲವಲ್ಲ. ಇದು ಅವನಿಗೂ ಗೊತ್ತು. ಆದರೂ ಓಟು ಊರಲ್ಲೇ ಇರಲಿ ಅಂತಾನೆ. ನನ್ನ ಕೇಳಿದರೆ ಇದು ತಪ್ಪು, ಓಟನ್ನಾದ್ರೂ ಇಲ್ಲಿ ತರಬೇಕು. ಹೇಳಿ ಹೇಳಿ ಸುಸ್ತಾಗಿದ್ದೇನೆ.

ಇದುವರೆಗೆ ಗಂಡಸರ ಮಾತೇ ಜಾಸ್ತಿ ಆಯ್ತು. ಹೆಂಗಸರ ಲೆಕ್ಕ ಬೇರೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರಿದ್ದಾರೆ ಅಂತ ಬಂತು. ಅಬ್ಬಾ, ಅಷ್ಟು ಜನ ಊರು ಬಿಟ್ಟರಾ ಅಂತ ಗಾಬರಿ ಬೀಳಬೇಡಿ. ಅದರಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಹೆಂಗಸರು, ಅವರಲ್ಲಿ ಬಹಳಷ್ಟು ಜನ ಮದುವೆಯಾಗಿ ಗಂಡನ ಊರಿಗೆ ಹೋದವರು. ಆ ಲೆಕ್ಕದಲ್ಲಿ ನಮ್ಮ ಅವ್ವನೂ ವಲಸಿಗಳೇ. ಅವಳ ತವರು ನಮ್ಮೂರಿಂದ ಎರಡು ಹರದಾರಿ. ಬೆಂಗಳೂರು ನೋಡಿದವಳಲ್ಲ. ಆದರೆ ಊರು ಬಿಡೋದು ಅಂದ್ರೆ ಏನು ಅಂತ ನನಗಿಂತ ಮೂವತ್ತು ವರ್ಷ ಮೊದಲೇ ಕಲಿತವಳು. ನಾನು ಮೊದಲ ಸಲ ಹೊರಟಾಗ ಅಪ್ಪ ಬಾಯಿಗೆ ಬಂದಂಗೆ ಬೈದ. ಅವ್ವ ಸುಮ್ನೆ ರೊಟ್ಟಿ ಕಟ್ಟಿ ಕೊಟ್ಟಳು. 'ಆರು ತಿಂಗಳು ಅಳು ಬರ್ತದ, ಆಮ್ಯಾಲ ಬರಂಗಿಲ್ಲ' ಅಂದಳು. ಸರಿಯಾಗಿ ಹೇಳಿದ್ದಳು.

ಹೆಂಗಸರಿಗೆ ತವರು ಅಂತ ಒಂದು ಮನೆ, ಗಂಡನ ಮನೆ ಅಂತ ಇನ್ನೊಂದು. ಎರಡೂ ಪೂರ್ತಿ ಅವರದಲ್ಲ. ಹಾಗಾಗಿ ಮೂರನೆಯದಾದ ಈ ತಗಡಿನ ರೂಮನ್ನ ಅವರು ಅಷ್ಟು ಕೀಳಾಗಿ ನೋಡಲ್ಲ. ಸೈಟಿನಲ್ಲಿ ಒಬ್ಬಾಕೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಊರು ನೆನಪಾಗಲ್ವಾ ಅಂದೆ. 'ಆಗ್ತದ್ರಿ. ಆದ್ರ ಇಲ್ಲಿ ಅತ್ತಿ ಇಲ್ರಿ' ಅಂದಳು. ಪಕ್ಕದವರೆಲ್ಲ ನಕ್ಕರು, ಅವಳ ಗಂಡನನ್ನ ಬಿಟ್ಟು. ಕೂಲಿ ಅವಳ ಕೈಗೇ ಬರುತ್ತೆ, ತಲೆ ಮೇಲೆ ಸೆರಗು ಇರಲೇಬೇಕು ಅಂತಿಲ್ಲ, ಶನಿವಾರದ ಸಂತೆಗೆ ಒಬ್ಬಳೇ ಹೋಗಿ ಬರಬಹುದು. ಊರಿಗೆ ಹೋದ ದಿನ ಬಸ್ ಇಳಿಯೋಕೆ ಮುಂಚೆ ಸೆರಗು ಸರಿಮಾಡಿಕೊಳ್ಳೋದನ್ನ ನಾನೇ ನೋಡಿದ್ದೇನೆ. ಸುರಪುರದ ಬಸ್‌ಸ್ಟ್ಯಾಂಡ್ ಬಂತು ಅಂತ ಕಂಡಕ್ಟರ್ ಕೂಗೋದೇ ಬೇಡ, ಸೆರಗುಗಳು ಮೇಲೆ ಹೋದರೆ ಸುರಪುರ ಬಂತು ಅಂತ ಅರ್ಥ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳದ್ದು ಒಂದು ಮಾತು ಹೇಳಲೇಬೇಕು. ಅವರು ನಮ್ಮ ಕಡೆಯವರು ಕಡಿಮೆ, ಮಂಡ್ಯ, ರಾಮನಗರ, ತುಮಕೂರು, ಹಾಸನ ಕಡೆಯವರು ಜಾಸ್ತಿ. 2016ರ ಏಪ್ರಿಲ್ 18, 19ಕ್ಕೆ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಹೆಂಗಸರು ಕೂತಿದ್ದು ನಿಮಗೆ ನೆನಪಿರಬಹುದು. ಹೊಸೂರು ರಸ್ತೆ ಪೂರ್ತಿ ನಿಂತಿತ್ತು. ಪಿಎಫ್‌ನಲ್ಲಿ ಕಂಪನಿ ಹಾಕೋ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಟಿವಿಯಲ್ಲಿ ಕೂತ ಪಂಡಿತರು ಇದು ನಿಮ್ಮ ಮುಪ್ಪಿನ ಕಾಲಕ್ಕೇ ತಾನೆ, ಒಳ್ಳೇದಲ್ವಾ ಅಂದರು. ಅವರಿಗೆ ಅರ್ಥ ಆಗದೇ ಇದ್ದಿದ್ದು ಒಂದು ವಿಷಯ. ಮೆಷಿನ್ ಮೇಲೆ 58 ವರ್ಷದವರೆಗೆ ಕೂರ್ತೀನಿ ಅಂತ ಆ ಹೆಂಗಸರಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಐದೋ ಹತ್ತೋ ವರ್ಷ ದುಡಿದು, ಆ ದುಡ್ಡು ತೆಗೆದು, ಊರಲ್ಲಿ ತಾರಸಿ ಹಾಕಿಸಬೇಕು, ಇಲ್ಲ ಮಗಳ ಮದುವೆ ಮಾಡಬೇಕು, ಇಲ್ಲ ಗಿರವಿ ಇಟ್ಟ ಗದ್ದೆ ಬಿಡಿಸಬೇಕು. ಅವರ ಪಾಲಿಗೆ ಪಿಎಫ್ ಅಂದ್ರೆ ಊರಿನ ಮನೆ. ಅದಕ್ಕೆ ಕೈ ಹಾಕಿದ್ದಕ್ಕೆ ಯಾವ ಯೂನಿಯನ್ನೂ ಕರೆಯದೆ ಅವರಾಗೇ ಹೊರಗೆ ಬಂದರು. ಎರಡನೇ ದಿನ ಸಂಜೆಗೆ ಸರ್ಕಾರ ನಿಯಮ ವಾಪಸ್ ತಗೊಂಡಿತು.

ಮತ್ತೆ ಶಕ್ತಿ ಯೋಜನೆ, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ್ದು. 2023ರ ಜೂನ್ 11ಕ್ಕೆ ಶುರುವಾಯ್ತು. ದೇವಸ್ಥಾನ ಸುತ್ತೋಕೆ ಹೋಗ್ತಾರೆ ಅಂತ ನಗೋರು ನಗಲಿ. ನಾನು ಕಂಡಿದ್ದು ಬೇರೆ. ಮೊದಲು ವರ್ಷಕ್ಕೆ ಒಂದು ಸಲ, ಮೊಹರಂಗೋ ಯುಗಾದಿಗೋ ಊರಿಗೆ ಹೋಗ್ತಿದ್ದ ಹೆಂಗಸರು ಈಗ ಮೂರು ತಿಂಗಳಿಗೆ ಒಂದು ಸಲ ಹೋಗ್ತಾರೆ. ತಂಗಿಯ ಬಾಣಂತನ, ಅವ್ವನ ಕಣ್ಣಿನ ಆಪರೇಷನ್. ಗಂಡನ ಟಿಕೆಟ್‌ಗೆ ದುಡ್ಡಿಲ್ಲ ಅಂತ ಅವನನ್ನ ರೂಮಿನಲ್ಲೇ ಬಿಟ್ಟು ಹೋಗ್ತಾರೆ. ಮುಖ್ಯವಾಗಿ ತವರಿಗೆ ಹೋಗ್ತಾರೆ. ಮೊದಲು ಬಸ್ ಚಾರ್ಜು ಕೊಡ್ತಿದ್ದವನು ಗಂಡ, ಹಾಗಾಗಿ ಊರು ಅಂದ್ರೆ ಗಂಡನ ಊರು. ಈಗ ಊರು ಅಂದ್ರೆ ಯಾವುದು ಅನ್ನೋದನ್ನ ಅವರೇ ಹೇಳ್ತಾರೆ.

ನಮ್ಮ ಮಾತಿನಲ್ಲಿ 'ಹೇಳೋರು ಕೇಳೋರು' ಅಂತ ಇದೆ. ಹೇಳೋರು ಕೇಳೋರು ಯಾರೂ ಇಲ್ಲ ಅಂದ್ರೆ ಅನಾಥ ಅಂತ ಅರ್ಥ. ಊರು ಅಂದ್ರೆ ಹೇಳೋರು ಕೇಳೋರು ಇರೋ ಜಾಗ. ಬೆಂಗಳೂರಲ್ಲಿ ಮೂರು ದಿನ ಜ್ವರ ಬಂದು ಮಲಗಿದರೂ ಯಾಕೆ ಕಾಣಲಿಲ್ಲ ಅಂತ ಯಾರೂ ಕೇಳಲ್ಲ ಅಂತ ನಾನು ಮೊದಲ ವರ್ಷ ಬಹಳ ಅತ್ತಿದ್ದೆ. ಇದನ್ನೇ ಒಂದು ಸಲ ಜೊತೆಗಿದ್ದ ಬಾರ್ ಬೆಂಡಿಂಗ್ ಹುಡುಗನ ಹತ್ತಿರ ಹೇಳಿದೆ. ಅವನು ನಮ್ಮ ಪಕ್ಕದ ಊರಿನವನೇ. ನಮ್ಮೂರು ಹಾಗೆ, ನಮ್ಮೂರು ಹೀಗೆ ಅಂತ ನಾನು ಹೇಳ್ತಾ ಇದ್ದೆ. ಅವನು ಕಂಬಿ ಬಗ್ಗಿಸ್ತಾ ತಲೆ ಎತ್ತದೆ ಅಂದ: 'ಊರು ನಿಮ್ದ್ರಿ. ನಮ್ದು ಕೇರಿ.'

ಅವತ್ತಿಂದ ನಾನು ಊರು ಅನ್ನೋ ಪದವನ್ನ ಸ್ವಲ್ಪ ಹೆದರಿ ಬಳಸ್ತೀನಿ. ಅವನ ಊರಲ್ಲಿ ಹೇಳೋರು ಕೇಳೋರು ಇದ್ದರು. ಹೊಸ ಅಂಗಿ ಯಾಕೆ ಹಾಕಿದ್ದೀ ಅಂತ ಕೇಳೋರು, ಗಾಡಿ ಇಳಿದು ನಡಿ ಅಂತ ಹೇಳೋರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿ ಅಂದ್ರೆ ಸಂಕುಚಿತ ಬುದ್ಧಿ, ಅಜ್ಞಾನಗಳ ಗುಂಡಿ ಅನ್ನೋ ಅರ್ಥದ ಮಾತಾಡಿದ್ದರು. ಪಿಯುಸಿಯಲ್ಲಿ ಅದನ್ನ ಓದಿದಾಗ ನನಗೆ ಸಿಟ್ಟು ಬಂದಿತ್ತು. ಆ ಹುಡುಗನ ಮಾತು ಕೇಳಿದ ಮೇಲೆ ಬರಲಿಲ್ಲ. ಅವನಿಗೆ ಬೆಂಗಳೂರಲ್ಲಿ ಇಷ್ಟವಾಗಿದ್ದೇ ಯಾರೂ ಏನೂ ಕೇಳದೇ ಇರೋದು. ಹಾಗಂತ ಬೆಂಗಳೂರು ಕೇಳಲ್ಲ ಅಂತೇನಿಲ್ಲ. ಸೈಟ್ ಬಿಟ್ಟು ಅವನು ಬಾಡಿಗೆ ಮನೆ ಹುಡುಕೋಕೆ ಹೋದಾಗ ಮನೆ ಓನರ್‌ಗಳು 'ಯಾವ ಪೈಕಿ?' ಅಂತ ಶುರು ಮಾಡಿದರು. ಕೆಲವರು ಸ್ವಲ್ಪ ನಾಜೂಕು, 'ನಾನ್‌ವೆಜ್ ಮಾಡ್ತೀರಾ?' ಅಂತ ಕೇಳೋರು. ಕೇಳ್ತಿದ್ದಿದ್ದು ಅದನ್ನೇ. ಅವನು ಈಗ ಗುಂಪಿನ ಮೇಸ್ತ್ರಿ. ಮನೆ ಕಟ್ಟಿದ್ದಾನೆ. ಕೇರಿಯಲ್ಲೂ ಅಲ್ಲ, ಬೆಂಗಳೂರಲ್ಲೂ ಅಲ್ಲ, ತಾಲ್ಲೂಕಿನ ಪೇಟೆಯಲ್ಲಿ, ಬಸ್‌ಸ್ಟ್ಯಾಂಡ್ ಹಿಂದೆ. ಅಲ್ಲಿ ಅವನನ್ನ ಎಲ್ಲರೂ ಬೆಂಗಳೂರು ಮೇಸ್ತ್ರಿ ಅಂತಾರೆ. ಇಲ್ಲಿ ಯಾದಗಿರಿ ಮೇಸ್ತ್ರಿ. ಎರಡೂ ಕಡೆ ಜಾತಿ ಬದಲು ಊರಿನ ಹೆಸರು ಬಂತು, ಅದೇ ಲಾಭ ಅಂತಾನೆ.

ಲಾಕ್‌ಡೌನ್ ಬಗ್ಗೆ ಬಹಳ ಜನ ಮಾತಾಡಿದ್ದಾರೆ. ನಾನು ನನ್ನ ತಮ್ಮನ ವಿಷಯ ಮಾತ್ರ ಹೇಳ್ತೀನಿ. 2020ರ ಮಾರ್ಚ್ 24ರ ರಾತ್ರಿ ಘೋಷಣೆ ಆದಾಗ ಅವನು ಬೆಂಗಳೂರಿನ ಒಂದು ಸೈಟಿನಲ್ಲಿದ್ದ. ಬಾ ನಮ್ಮ ಮನೆಗೆ ಅಂದೆ, ಬರಲಿಲ್ಲ. ಹೊರ ರಾಜ್ಯದವರ ರೈಲನ್ನ ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ಸರ್ಕಾರ ನಿಲ್ಲಿಸಿ, ಎಲ್ಲರೂ ಬೈದ ಮೇಲೆ ಮತ್ತೆ ಬಿಟ್ಟಿದ್ದು ನಿಮಗೆ ಗೊತ್ತೇ ಇದೆ. ನಮ್ಮ ರಾಜ್ಯದವರಿಗೆ ಮೇ ಮೊದಲ ವಾರ ಮೆಜೆಸ್ಟಿಕ್‌ನಿಂದ ಫ್ರೀ ಬಸ್ ಬಿಟ್ಟರು. ತಮ್ಮ ಒಂದು ರಾತ್ರಿ, ಅರ್ಧ ಹಗಲು ಅಲ್ಲೇ ಸಾಲಿನಲ್ಲಿ ನಿಂತು ಹೋದ. 'ಇಲ್ಲಿ ಸತ್ರ ಯಾರು ನೋಡ್ತಾರ, ಊರಾಗ ಸಾಯ್ತೀನಿ' ಅಂತ ಹೋದ. ಊರಿನ ಬಾಯಿಗೆ ಜಾಲಿಮುಳ್ಳು ಹಾಕಿದ್ದರು. ಅವನು ಹುಟ್ಟಿದ ಊರು. ಮುಳ್ಳಿನ ಆ ಕಡೆ ನಿಂತವರು ಅವನ ಜೊತೆ ಚಿನ್ನಿದಾಂಡು ಆಡಿದವರೇ. 'ಯಾಕ ಬಂದಿ?' ಅಂದರಂತೆ.

ಊರಲ್ಲಿ ಕೇಳೋರಿದ್ದಾರೆ ಅಂದೆನಲ್ಲ. ಅವತ್ತು ಕೇಳಿದ್ದು ಇದನ್ನ.

ಹದಿನಾಲ್ಕು ದಿನ ಊರ ಶಾಲೆಯಲ್ಲಿ ಇಟ್ಟರು. ಅವನೇ ನಾಲ್ಕನೇ ಇಯತ್ತೆ ಓದಿದ ಖೋಲಿ. ಗೋಡೆ ಮೇಲೆ ಕರ್ನಾಟಕದ ನಕ್ಷೆ ಇತ್ತಂತೆ, ಮಲಗಿಕೊಂಡು ಬೆಂಗಳೂರಿಗೂ ನಮ್ಮೂರಿಗೂ ಎಷ್ಟು ಗೇಣು ಅಂತ ಅಳೀತಿದ್ದೆ ಅಂದ. ಅವ್ವ ಬುತ್ತಿ ತಂದು ಗೇಟಿನ ಹತ್ತಿರ ಇಟ್ಟು ಹೋಗೋಳು. ಹೊರಗೆ ಬಂದ ಮೇಲೆ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ತೆಗೆದ. ಆ ವರ್ಷ ದಿನಕ್ಕೆ 275 ರೂಪಾಯಿ. ಸೈಟಿನಲ್ಲಿ ಅವನ ಕೂಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಎಳ್ಳಮಾವಾಸ್ಯೆಗೂ ಕಾಯಲಿಲ್ಲ, ದಸರಾ ಆಗ್ತಿದ್ದ ಹಾಗೆ ವಾಪಸ್ ಬಂದ. ಬಸ್ ಇಳಿದು ನನಗೆ ಫೋನ್ ಮಾಡಿದ. 'ಬಂದೆ ಅಣ್ಣ, ಮನಿಗೆ ಹೋಗಿ ಸ್ನಾನ ಮಾಡಿ ಬರ್ತೀನಿ' ಅಂದ. ಮನಿಗೆ ಅಂದ. ನಾನು ಗಮನಿಸಿದೆ, ಅವನು ಗಮನಿಸಲಿಲ್ಲ ಅನ್ನಿಸುತ್ತೆ. ಒಂದು ತಿಂಗಳು ಹಾಗೆ ಅಂದ, ಆಮೇಲೆ ಮತ್ತೆ ರೂಮು ಅನ್ನೋಕೆ ಶುರು ಮಾಡಿದ. ಮುಳ್ಳು ಹಾಕಿದ ಗೆಳೆಯನ ಮಗಳ ಮದುವೆಗೆ ಐದು ಸಾವಿರ ಮುಯ್ಯಿ ಹಾಕಿ ಬಂದ.

ಯಾಕೆ ಅಷ್ಟು ಬೇಗ ಮರೆತ ಅಂದ್ರೆ, ಮಣ್ಣು. ನಮ್ಮ ಕಡೆ ಸಾವಿಗೆ ಹೋಗೋದನ್ನ 'ಮಣ್ಣಿಗೆ ಹೋಗೋದು' ಅಂತಾರೆ. ಮದುವೆಗೆ ತಪ್ಪಿಸಿಕೊಂಡರೂ ನಡೆಯುತ್ತೆ, ಮಣ್ಣಿಗೆ ತಪ್ಪಿಸಿಕೊಳ್ಳೋ ಹಾಗಿಲ್ಲ. ಇವತ್ತು ನೀನು ಯಾರ ಮಣ್ಣಿಗೆ ಹೋಗಲಿಲ್ಲವೋ ಅವರು ನಾಳೆ ನಿನ್ನ ಮಣ್ಣಿಗೆ ಬರಲ್ಲ. ಬೆಂಗಳೂರಲ್ಲಿ ಯಾರಾದರೂ ತೀರಿಕೊಂಡರೆ ಸೈಟಿನಲ್ಲಿ ತಲೆಗೆ ಇಷ್ಟು ಅಂತ ಪಟ್ಟಿ ಎತ್ತಿ ಆಂಬ್ಯುಲೆನ್ಸ್ ಮಾಡಿ ಕಳಿಸ್ತಾರೆ. ಐನೂರು ಕಿಲೋಮೀಟರ್, ಐಸ್ ಪೆಟ್ಟಿಗೆ. ಬದುಕಿದ್ದಾಗ ಜನರಲ್ ಬೋಗಿಯಲ್ಲಿ ನಿಂತುಕೊಂಡು ಹೋಗ್ತಿದ್ದವರು ಸತ್ತ ಮೇಲೆ ಮಲಗಿಕೊಂಡು ಹೋಗ್ತಾರೆ. ಇಲ್ಲೇ ಸ್ಮಶಾನ ಇದೆಯಲ್ಲ ಅಂತ ಒಂದು ಸಲ ನಾನು ಹೇಳಿ ಬೈಸಿಕೊಂಡೆ. ಇಲ್ಲಿ ಮಣ್ಣು ಮಾಡಿದರೆ ಯಾರು ಬಂದು ಎಡೆ ಇಡ್ತಾರೆ? ಮುಂದಿನ ವರ್ಷ ಸೈಟು ಎಲ್ಲಿರುತ್ತೋ. ನನಗೂ ಈಗ ಸ್ವಂತ ಮನೆ ಇದೆ ಇಲ್ಲಿ, ಇಪ್ಪತ್ತು ಮೂವತ್ತರ ಸೈಟಿನಲ್ಲಿ. ನೆಲಕ್ಕೆ ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲು ಹಾಕಿಸಿದ್ದೇನೆ, ಗ್ರಾನೈಟ್ ಹಾಕಿಸಿ ಅಂತ ಎಲ್ಲರೂ ಹೇಳಿದರೂ ಕೇಳದೆ. ಕಲಬುರಗಿ ನಿಮ್ಮ ಜಿಲ್ಲೆ ಅಲ್ಲವಲ್ಲ ಈಗ ಅಂತ ಮಗಳು ತಿದ್ದುತ್ತಾಳೆ. ಅವಳಿಗೆ ಊರು ಅಂದ್ರೆ ರಜೆ, ಸೊಳ್ಳೆ, ಮತ್ತು ಅಜ್ಜಿ. ಅವಳ ಕನ್ನಡವನ್ನ ಅಲ್ಲಿನ ಹುಡುಗರು ಟಿವಿ ಕನ್ನಡ ಅಂತ ಅಣಕಿಸ್ತಾರೆ. ಅವಳಿಗೆ ಬೇಜಾರೇನಿಲ್ಲ. ನಿಮ್ಮೂರು ಯಾವುದು ಅಂದ್ರೆ ಥಟ್ಟನೆ ಬೆಂಗಳೂರು ಅಂತಾಳೆ. ನಾನು ಮಧ್ಯೆ ಬಾಯಿ ಹಾಕೋದನ್ನ ಈಚೆಗೆ ಬಿಟ್ಟಿದ್ದೇನೆ. ಆದರೆ ನನ್ನ ಮಣ್ಣು ಎಲ್ಲಿ ಅಂತ ಯಾರಾದರೂ ಕೇಳಿದರೆ ನಾನೂ ಥಟ್ಟನೆ ಹೇಳ್ತೀನಿ, ಅದು ಬೆಂಗಳೂರು ಅಲ್ಲ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. ಮದ್ದೂರು ಹತ್ತಿರದ ಹಳ್ಳಿಯವರಂತೆ, ಹನ್ನೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಇದ್ದವರು, 2016ರಲ್ಲಿ ರಸ್ತೆಯಲ್ಲಿ ಕೂತವರಲ್ಲಿ ಅವರೂ ಒಬ್ಬರು. ನೀವು ಹೇಳಿದ್ದೆಲ್ಲ ದೂರದವರ ಕತೆ ಸಾರ್ ಅಂದರು. ನಮಗೆ ಊರು ಎರಡು ಗಂಟೆ ದಾರಿ. ಭಾನುವಾರ ಹೋಗಿ ಅಕ್ಕಿ, ಕಾಯಿ, ಸೊಪ್ಪು ತರ್ತೀವಿ. ಅಳೋಕೆಲ್ಲ ಟೈಮಿಲ್ಲ. ಎಲ್ಲರೂ ನಕ್ಕರು, ನಾನೂ ಒಪ್ಪಿಕೊಂಡೆ. ದೂರ ಕಡಿಮೆ ಆದ್ರೆ ಲೆಕ್ಕವೇ ಬೇರೆ, ಅದನ್ನ ನಾನು ಸರಿಯಾಗಿ ಯೋಚಿಸಿರಲಿಲ್ಲ.

ಪಿಎಫ್ ದುಡ್ಡಲ್ಲಿ ಮನೆ ಕಟ್ಟಿದ್ರಾ ಅಂತ ಕೇಳಿದೆ. ಕಟ್ಟಿದ್ದೀವಿ, ಎರಡು ಕೋಣೆ, ತಾರಸಿ ಅಂದರು. ಈಗ ಅಲ್ಲಿ ಯಾರಿದ್ದಾರೆ ಅಂದೆ. ನಮ್ಮೂರ ಹತ್ತಿರಾನೇ ಈಗ ಫ್ಯಾಕ್ಟರಿ ಬಂದಿದೆ ಸಾರ್, ಒಡಿಶಾದಿಂದ ಬಂದ ಹುಡುಗೀರು ಕೆಲಸ ಮಾಡ್ತಾರೆ, ಅವರಿಗೆ ಬಾಡಿಗೆಗೆ ಕೊಟ್ಟಿದ್ದೀವಿ. ಏಳು ಜನ ಇದ್ದಾರೆ. ಕೂರೋಕೆ ಹೋದವರು ಮತ್ತೆ ನಿಂತು ಅಂದರು: 'ಅವ್ರು ನಮ್ಮ ಮನೇನ ರೂಮು ಅಂತಾರೆ ಸಾರ್.'